ಯಂತ್ರಕ್ಕೆ ಮಣ್ಣು ತಿಳಿಯುವುದೆ?

ನೇಗಿಲಿಗೆ ಸೆನ್ಸರ್ ಕೂರಿಸಿದರೆ ಅದಕ್ಕೆ ಮಣ್ಣು ತಿಳಿಯುತ್ತದೆ, ಮಣ್ಣು ತಿಳಿದ ಯಂತ್ರ ಎಷ್ಟು ಆಳ ಉಳಬೇಕೆಂಬುದನ್ನು ತಾನೇ ತೀರ್ಮಾನಿಸುತ್ತದೆ, ಆಮೇಲೆ ರೈತನ ಅಂದಾಜಿಗೂ ಚಾಲಕನ ಉದಾಸೀನಕ್ಕೂ ಜಾಗವಿರುವುದಿಲ್ಲ: ಹೀಗೊಂದು ನಂಬಿಕೆ ಓದುಬರಹ ಬಲ್ಲವರಲ್ಲಿ ಗಟ್ಟಿಯಾಗುತ್ತಿದೆ. ಮೈಸೂರಿನಂಥ ಊರಿನಲ್ಲಿ ಇದು ಬೇರುಬಿಡುವುದು ಸಹಜ. 1946ರಲ್ಲಿ ಎನ್‌ಐಇ ಎಂಜಿನಿಯರಿಂಗ್ ಕಾಲೇಜು ಶುರುವಾದಾಗಿನಿಂದ ಇಲ್ಲಿ ಎಂಜಿನಿಯರುಗಳಿಗೆ ಬರವಿಲ್ಲ. ಊರಿನ ಯಾವ ದಿಕ್ಕಿಗೆ ಹೊರಟರೂ ಸ್ವಲ್ಪ ಹೊತ್ತಿನಲ್ಲೇ ಹೊಲ ಎದುರಾಗುತ್ತದೆ. ಇವೆರಡನ್ನೂ ಕೂಡಿಸುವ ಆಸೆ ಕಾಲೇಜುಗಳ ಪ್ರಾಜೆಕ್ಟ್ ಪ್ರದರ್ಶನಗಳಲ್ಲೂ ಕೃಷಿ ಮೇಳಗಳ ಮಳಿಗೆಗಳಲ್ಲೂ ಕಾಣುತ್ತದೆ. ಆಸೆಯ ಬಗ್ಗೆ ನನ್ನ ತಕರಾರಿಲ್ಲ. ಅದರ ಅಡಿಯಲ್ಲಿ ಕುಳಿತಿರುವ ತರ್ಕ ಮಾತ್ರ ಸಡಿಲವಾಗಿದೆ.

ವಾದವನ್ನು ಅದರ ಬಲವಾದ ರೂಪದಲ್ಲೇ ಮೊದಲು ಮುಂದಿಡುತ್ತೇನೆ. ನಂಜನಗೂಡು, ಚಾಮರಾಜನಗರದ ಕಡೆ ಒಂದೇ ಹೊಲದ ಮೇಲುಭಾಗದಲ್ಲಿ ಕೆಮ್ಮಣ್ಣು, ತಗ್ಗಿನಲ್ಲಿ ಎರೆಮಣ್ಣು ಇರುವುದುಂಟು. ಎರಡರ ಬಿಗಿತ ಬೇರೆ, ನೀರು ಹಿಡಿಯುವ ಬಗೆ ಬೇರೆ. ಟ್ರ್ಯಾಕ್ಟರ್ ಚಾಲಕ ಮುಂದಕ್ಕೆ ನೋಡಿ ಓಡಿಸಬೇಕು, ಕೆಲಸ ನಡೆಯುವುದು ಅವನ ಬೆನ್ನ ಹಿಂದೆ. ಬೆಳಗಿನಿಂದ ಕುಳಿತವನ ಕತ್ತು ಎಷ್ಟು ಸಲ ಹಿಂದಕ್ಕೆ ತಿರುಗೀತು? ಗುಳ ಒಂದೆಡೆ ನಾಲ್ಕು ಇಂಚು, ಇನ್ನೊಂದೆಡೆ ಏಳು ಇಂಚು ಇಳಿದರೆ ಬಿತ್ತಿದ ಬೀಜವೂ ಮೇಲೆ ಕೆಳಗೆ ಬೀಳುತ್ತದೆ, ಮೊಳಕೆ ಒಂದೇ ಸಮ ಬರುವುದಿಲ್ಲ. ಬೇಕಿಲ್ಲದ ಕಡೆ ಆಳಕ್ಕೆ ಇಳಿದರೆ ಡೀಸೆಲ್ ದಂಡ. ಯಂತ್ರ ದಣಿಯುವುದಿಲ್ಲ, ಮೊಬೈಲ್ ನೋಡುವುದಿಲ್ಲ, ಕ್ಷಣಕ್ಕೆ ಹಲವು ಸಲ ಅಳೆದು ಸರಿಪಡಿಸಬಲ್ಲದು. ಆದ್ದರಿಂದ ಅಳತೆಯೂ ಹತೋಟಿಯೂ ಯಂತ್ರದ ಕೈಗೆ ಹೋದಷ್ಟು ಬೇಸಾಯಕ್ಕೆ ಒಳ್ಳೆಯದು ಎನ್ನುತ್ತದೆ ಈ ವಾದ. ಕೊನೆಯ ವಾಕ್ಯವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾನು ಒಪ್ಪುತ್ತೇನೆ. ಮೊದಲ ಮಾತುಗಳಿಂದ ಕೊನೆಯ ಮಾತಿಗೆ ಹಾರುವಾಗ ನಡುವೆ ಒಂದು ಕಂದಕ ಇದೆ, ಅದನ್ನು ಯಾರೂ ನೋಡುತ್ತಿಲ್ಲ.

ಕಂದಕಕ್ಕೆ ಬರುವ ಮೊದಲು ಕಾಲದ ಗೊಂದಲವೊಂದನ್ನು ಬಿಡಿಸಬೇಕು. ಮಣ್ಣು ಕೆಲಸದ ಸ್ವಯಂಚಾಲನೆ ನಾಳೆ ಬರಲಿರುವ ಅತಿಥಿಯೇನಲ್ಲ. ನಮ್ಮ ಹೊಲಗಳಲ್ಲಿ ಅದು ಆಗಲೇ ಓಡಾಡಿಕೊಂಡಿದೆ. ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ (1884–1960) ಎದುರಿಸಿದ ಸಮಸ್ಯೆ ಸರಳವಾಗಿತ್ತು, ಭಯಂಕರವೂ ಆಗಿತ್ತು. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆಯುತ್ತಿದ್ದ ನೇಗಿಲು ಬಂಡೆಗೆ ಸಿಕ್ಕಿಕೊಂಡರೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಚಾಲಕನ ಮೇಲೆಯೇ ಮಗುಚುತ್ತಿತ್ತು. ಅವನು ನೇಗಿಲನ್ನು ಮೂರು ತೋಳುಗಳಿಂದ ಟ್ರ್ಯಾಕ್ಟರಿಗೆ ಅಂಟಿಸಿದ, ತೋಳುಗಳನ್ನು ಎತ್ತಿಳಿಸಲು ಹೈಡ್ರಾಲಿಕ್ ಎಣ್ಣೆಯ ಬಲ ಬಳಸಿದ, ಆ ಬಲಕ್ಕೆ ಅಪ್ಪಣೆ ಕೊಡುವ ಕೆಲಸವನ್ನು ನೇಗಿಲ ಮೇಲೆ ಬೀಳುವ ಎಳೆತಕ್ಕೇ ವಹಿಸಿದ. 1936ರಲ್ಲಿ ಈ ಏರ್ಪಾಡಿನ ಟ್ರ್ಯಾಕ್ಟರ್ ಮಾರುಕಟ್ಟೆಗೆ ಬಂತು, 1939ರಲ್ಲಿ ಹೆನ್ರಿ ಫೋರ್ಡ್ ಜತೆಗಿನ ಒಪ್ಪಂದದಿಂದ ಅಮೆರಿಕದಲ್ಲಿ ಹರಡಿತು. ಚೆನ್ನೈನ ಟಾಫೆ ತಯಾರಿಸುವ ಮ್ಯಾಸ್ಸಿ ಫರ್ಗ್ಯೂಸನ್ ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಅವನ ಹೆಸರು ಇವತ್ತೂ ಇದೆ. ಬೇರೆ ಕಂಪನಿಯವರೂ ಇದೇ ತತ್ವವನ್ನು ಎಡಿಡಿಸಿ (ಆಳ ಮತ್ತು ಎಳೆತದ ಸ್ವಯಂಚಾಲಿತ ಹತೋಟಿ) ಎಂದು ಕೈಪಿಡಿಯಲ್ಲಿ ಮುದ್ರಿಸಿ ಮಾರುತ್ತಾರೆ. ಸೀಟಿನ ಬಲಗಡೆ ಇರುವ ಎರಡು ಹೈಡ್ರಾಲಿಕ್ ಲಿವರುಗಳಲ್ಲಿ ಒಂದು ಇದರದ್ದೇ. ನಮ್ಮ ಕಡೆ ಬಾಡಿಗೆಗೆ ಉಳುವ ಚಾಲಕರಲ್ಲಿ ಹೆಚ್ಚಿನವರು ಇನ್ನೊಂದು ಲಿವರಿನಲ್ಲೇ ದಿನ ಕಳೆಯುತ್ತಾರೆ. ಈ ಎಳೆತದ ಲಿವರ್ ಯಾಕಿದೆ ಎಂದು ಕೇಳಿದರೆ ನಕ್ಕುಬಿಡುತ್ತಾರೆ.

ಆ ಏರ್ಪಾಡು ಏನು ಮಾಡುತ್ತದೆಂಬುದನ್ನು ಹತ್ತಿರದಿಂದ ನೋಡಿದರೆ ನಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ. ಮೂರು ತೋಳುಗಳಲ್ಲಿ ಮೇಲಿನದನ್ನು ಟಾಪ್ ಲಿಂಕ್ ಎನ್ನುತ್ತಾರೆ. ಸೀಟಿನ ಹಿಂದೆ ಅದು ಟ್ರ್ಯಾಕ್ಟರಿಗೆ ಸೇರುವ ಕಡೆ ಒಂದು ದಪ್ಪ ಸ್ಪ್ರಿಂಗ್ ಇರುತ್ತದೆ. ಗುಳ ನೆಲದಲ್ಲಿದ್ದು ಟ್ರ್ಯಾಕ್ಟರ್ ಮುಂದೆ ಹೋದಾಗ ಮಣ್ಣು ಗುಳವನ್ನು ಹಿಂದಕ್ಕೆ ತಡೆಯುತ್ತದೆ. ಕೆಳಗಿನ ಎರಡು ತೋಳುಗಳು ಆಧಾರವಾಗಿ ಹಿಡಿದಿರುವುದರಿಂದ ನೇಗಿಲಿನ ಮೇಲುಭಾಗ ಮುಂದಕ್ಕೆ ಬಾಗಲು ನೋಡುತ್ತದೆ, ಟಾಪ್ ಲಿಂಕ್ ಆ ಸ್ಪ್ರಿಂಗನ್ನು ಒತ್ತುತ್ತದೆ. ತಡೆ ಹೆಚ್ಚಾದಷ್ಟೂ ಸ್ಪ್ರಿಂಗ್ ಕುಗ್ಗುತ್ತದೆ. ಕುಗ್ಗಿದ ಅಳತೆ ಒಂದು ಸರಳಿನ ಮೂಲಕ ಎಣ್ಣೆಯ ವಾಲ್ವ್ ತಲುಪುತ್ತದೆ, ಲಿವರಿನಲ್ಲಿ ನಿಗದಿಯಾದ ಮಿತಿ ದಾಟಿದರೆ ತೋಳುಗಳು ನೇಗಿಲನ್ನು ತುಸು ಎತ್ತುತ್ತವೆ, ತಡೆ ಇಳಿದೊಡನೆ ಮತ್ತೆ ಇಳಿಸುತ್ತವೆ. ವಿದ್ಯುತ್ತಿಲ್ಲ, ಕಂಪ್ಯೂಟರಿಲ್ಲ, ಆದರೂ ಅಳೆಯುವುದು, ನಿಗದಿಯ ಜತೆ ಹೋಲಿಸುವುದು, ತಿದ್ದುವುದು ಎಂಬ ಮೂರು ಹೆಜ್ಜೆಗಳೂ ಇಲ್ಲಿವೆ. 1970ರ ದಶಕದ ಕೊನೆಯ ಹೊತ್ತಿಗೆ ಯುರೋಪಿನವರು ಸ್ಪ್ರಿಂಗಿನ ಜಾಗಕ್ಕೆ ಒತ್ತಡ ಅಳೆಯುವ ಪಿನ್ನನ್ನೂ ಸರಳಿನ ಜಾಗಕ್ಕೆ ತಂತಿಯನ್ನೂ ತಂದರು. ಕೆಲಸ ನಾಜೂಕಾಯಿತು, ತತ್ವ ಬದಲಾಗಲಿಲ್ಲ.

ಈಗ ಕೇಳಿ: ಆ ಸ್ಪ್ರಿಂಗಿಗೆ ಮಣ್ಣು ತಿಳಿದಿದೆಯೆ? ಅದಕ್ಕೆ ತಿಳಿದಿರುವುದು ಒಂದು ಒತ್ತಡ. ಒಣಗಿ ಬಿಗಿದ ಕೆಮ್ಮಣ್ಣು, ಆಳಕ್ಕೆ ಇಳಿದ ಗುಳ, ಸವೆದು ಮೊಂಡಾದ ಗುಳ, ನೆಲದಡಿ ಅಡ್ಡ ಬಂದ ಹುಣಸೆ ಬೇರು, ಚಾಲಕ ಹೆಚ್ಚಿಸಿದ ವೇಗ, ಹಿಂದಿನ ವರ್ಷ ಕಬ್ಬಿನ ಲಾರಿ ಓಡಾಡಿ ಅದುಮಿದ ಜಾಡು, ಇವಿಷ್ಟೂ ಸ್ಪ್ರಿಂಗನ್ನು ಒಂದೇ ಥರ ಒತ್ತಬಲ್ಲವು. ಹಲವು ಕಾರಣಗಳು ಒಂದೇ ಸಂಖ್ಯೆಯಾಗಿ ಹೊರಬಂದ ಮೇಲೆ ಆ ಸಂಖ್ಯೆಯಿಂದ ಹಿಂದಕ್ಕೆ ಹೋಗಿ ಕಾರಣ ಹುಡುಕುವುದು ಆಗದ ಮಾತು. ಥರ್ಮಾಮೀಟರ್ ಜ್ವರ ಎಷ್ಟು ಎಂದು ಹೇಳುತ್ತದೆ, ಟೈಫಾಯ್ಡೋ ಮಲೇರಿಯಾವೋ ಹೇಳುವುದಿಲ್ಲ, ಇಲ್ಲಿಯೂ ಅಷ್ಟೆ. ಸೆನ್ಸರಿಗೆ ಮಣ್ಣು ತಿಳಿಯುತ್ತದೆ ಎಂಬ ಮಾತಿನ ಮೊದಲ ಅರ್ಧ ಇಲ್ಲಿಗೆ ಬಿದ್ದುಹೋಯಿತು. ಅದು ಮಣ್ಣಿನ ಜತೆಗಿನ ಜಗ್ಗಾಟವನ್ನು ಅಳೆಯುತ್ತದೆ, ಅದೂ ಗುಳ ಆ ಜಾಗಕ್ಕೆ ಬಂದ ಮೇಲೆ.

ಇನ್ನರ್ಧ ಇನ್ನೂ ಮುಖ್ಯ. ತಿದ್ದುವ ಯಂತ್ರಕ್ಕೆ ಒಂದು ನಿಗದಿ ಬೇಕು. ನಿಗದಿಯಿಂದ ಎಷ್ಟು ದೂರ ಸರಿದಿದ್ದೇನೆ ಎಂದು ಯಂತ್ರ ಹೇಳಬಲ್ಲದು. ನಿಗದಿಯೇ ಸರಿಯೆ ಎಂದು ಹೇಳಲಾರದು. ಇದನ್ನು ಮಣ್ಣು ಕೆಲಸಕ್ಕೆ ಅನ್ವಯಿಸಿದರೆ ಮೂರು ಬೇರೆ ಬೇರೆ ನಿಗದಿಗಳು ಎದುರಾಗುತ್ತವೆ, ಒಂದನ್ನು ಹಿಡಿದರೆ ಇನ್ನೊಂದು ಕೈಬಿಡುತ್ತದೆ.

1. ಆಳ ಒಂದೇ ಸಮ ಇರಲಿ ಎಂದರೆ ಬಿಗಿ ನೆಲ ಬಂದಾಗ ಎಂಜಿನ್ ಉಸಿರುಗಟ್ಟುತ್ತದೆ, ಚಕ್ರ ಜಾರುತ್ತದೆ, ಡೀಸೆಲ್ ಖರ್ಚು ಏರುತ್ತದೆ. ಆದರೆ ಬೀಜದ ಹಾಸಿಗೆ ಸಮವಾಗಿರುತ್ತದೆ.

2. ಎಳೆತ ಒಂದೇ ಸಮ ಇರಲಿ ಎಂದರೆ ಎಂಜಿನ್ ಹಾಯಾಗಿರುತ್ತದೆ, ಆಳ ಏರಿಳಿಯುತ್ತದೆ. ಫರ್ಗ್ಯೂಸನ್ನನ ಏರ್ಪಾಡು ಈ ಕಡೆಯದು. ಬಿಗಿ ನೆಲ ಬಂದೊಡನೆ ಅದು ಗುಳವನ್ನು ಮೇಲೆತ್ತುತ್ತದೆ. ಅಂದರೆ ಉಳುಮೆ ಎಲ್ಲಿ ಹೆಚ್ಚು ಬೇಕಿತ್ತೋ ಅಲ್ಲೇ ಕಡಿಮೆ ಉಳುತ್ತದೆ, ಸಡಿಲವಿರುವ ಕಡೆ ಇನ್ನಷ್ಟು ಆಳಕ್ಕೆ ಹೋಗುತ್ತದೆ.

3. ಚಕ್ರದ ಜಾರುವಿಕೆ ಮಿತಿ ಮೀರದಿರಲಿ ಎಂದರೆ ಟೈರ್ ಬಾಳುತ್ತದೆ, ಮೇಲಿನ ಎರಡೂ ಅದಕ್ಕೆ ತಲೆಬಾಗಬೇಕಾಗುತ್ತದೆ.

ಮೂರರಲ್ಲಿ ಯಾವುದು ವೈಜ್ಞಾನಿಕ? ಮೂರೂ, ಯಾವುದೂ ಅಲ್ಲ. ಮೊದಲನೆಯದು ಬೆಳೆಯ ಪಕ್ಷ, ಎರಡನೆಯದು ಎಂಜಿನ್ನಿನ ಪಕ್ಷ, ಮೂರನೆಯದು ಟೈರ್ ಕೊಂಡವನ ಪಕ್ಷ. ಯಾರ ಪಕ್ಷ ವಹಿಸಬೇಕೆಂಬುದು ಅಳತೆಯಿಂದ ಹೊರಡುವ ತೀರ್ಮಾನವಲ್ಲ. ಅಂದ ಮೇಲೆ ಸ್ವಯಂಚಾಲಿತ ಯಂತ್ರ ಮನುಷ್ಯನ ತೀರ್ಮಾನವನ್ನು ತೆಗೆದುಹಾಕುತ್ತದೆ ಎಂಬ ಮಾತು ತಲೆಕೆಳಗು. ತೀರ್ಮಾನ ಎಲ್ಲಿಗೂ ಹೋಗಿರುವುದಿಲ್ಲ, ಹೊಲದಿಂದ ಕಾರ್ಖಾನೆಯ ವಿನ್ಯಾಸದ ಮೇಜಿಗೆ ಹೋಗಿ ಕುಳಿತಿರುತ್ತದೆ. ಅಲ್ಲಿ ಅದರ ಜತೆ ಜಗಳವಾಡುವುದು ಕಷ್ಟ.

ಇಷ್ಟಕ್ಕೆ ಬಿಟ್ಟರೆ ಇದು ತರ್ಕದ ಆಟದಂತೆ ಕಂಡೀತು, ಆದ್ದರಿಂದ ನಮ್ಮ ಜಿಲ್ಲೆಯ ಒಂದು ಸಂಗತಿ ನೋಡೋಣ. ಮೇಲುಮಣ್ಣಿನ ಕೆಳಗೆ, ಗೇಣುದ್ದದೊಳಗೆ, ಬಿಗಿದ ಪದರವೊಂದು ಇದೆ ಎಂದುಕೊಳ್ಳಿ. ಅದನ್ನು ಪತ್ತೆಹಚ್ಚುವ ನಿಖರವಾದ ಸೆನ್ಸರ್ ಕೂಡ ಸಿಕ್ಕಿದೆ ಎಂದುಕೊಳ್ಳಿ. ಕೆ.ಆರ್. ನಗರದ ಭತ್ತದ ಗದ್ದೆಯಲ್ಲಿ ಆ ಪದರ ಆಸ್ತಿ. ಕೆಸರು ಮಾಡುವುದೇ ನೀರು ಕೆಳಗಿಳಿಯದಂತೆ ತಳ ಗಟ್ಟಿ ಮಾಡಲು; ಅದನ್ನು ಒಡೆದವನಿಗೆ ನಾಲೆಯ ನೀರು ಎಷ್ಟು ಬಿಟ್ಟರೂ ಸಾಲದು. ಎಚ್.ಡಿ. ಕೋಟೆಯ ಹತ್ತಿ ಹೊಲದಲ್ಲಿ ಅದೇ ಪದರ ಶಾಪ. ಹತ್ತಿಯ ತಾಯಿಬೇರು ಅಲ್ಲಿಗೆ ಬಂದು ಡೊಂಕಾಗುತ್ತದೆ, ಮಳೆ ನೀರು ಒಳಗಿಳಿಯದೆ ಮೇಲುಮಣ್ಣಿನ ಜತೆ ಹರಿದುಹೋಗುತ್ತದೆ. ಸಂಖ್ಯೆ ಒಂದೇ, ತೀರ್ಪು ಎರಡು. ಅಷ್ಟೇಕೆ, ಭತ್ತ ಕೊಯ್ದ ಮೇಲೆ ಅದೇ ಗದ್ದೆಗೆ ಉದ್ದು ಹಾಕುವ ರೈತನಿಗೆ ಒಂದೇ ನೆಲದ ಒಂದೇ ಪದರ ಮುಂಗಾರಿನಲ್ಲಿ ಬೇಕು, ಹಿಂಗಾರಿನಲ್ಲಿ ಬೇಡ. ಸೆನ್ಸರನ್ನು ಎಷ್ಟು ನಿಖರ ಮಾಡಿದರೂ ಈ ಬೇಕು ಬೇಡ ಅದರೊಳಗೆ ಹುಟ್ಟುವುದಿಲ್ಲ.

ನಿಖರತೆಯೇ ಕೆಡುಕಾಗುವ ಒಂದು ಸಂದರ್ಭವನ್ನೂ ಹೇಳಬೇಕು. ಇವತ್ತು ನಮ್ಮ ಹೊಲಗಳಲ್ಲಿ ಬೇಡಿಕೆ ರೋಟವೇಟರಿಗೆ. ಒಂದು ಸುತ್ತಿಗೆ ಹೆಂಟೆಯೆಲ್ಲ ಪುಡಿಯಾಗಿ ಹೊಲ ಹಿಟ್ಟಿನಂತಾಗುವುದು ಕಣ್ಣಿಗೂ ಚೆಂದ. ಅದರ ಬ್ಲೇಡುಗಳು ಚಕ್ರ ಉರುಳುವ ದಿಕ್ಕಿಗೇ ತಿರುಗುತ್ತವೆ, ಮಣ್ಣನ್ನು ಒದ್ದು ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುತ್ತವೆ. ಎಳೆತವೇ ಇಲ್ಲದ ಕಡೆ ಎಳೆತ ಅಳೆಯುವ ಏರ್ಪಾಡಿಗೆ ಕೆಲಸವಿಲ್ಲ. ಫರ್ಗ್ಯೂಸನ್ನನ ಜಾಣತನ ಇಲ್ಲಿ ನಿಷ್ಪ್ರಯೋಜಕ. ಆಳವನ್ನು ನಿಗದಿ ಮಾಡುವುದು ಎರಡು ಬದಿಯ ಜಾರುಪಟ್ಟಿಗಳು, ಅವುಗಳ ಬೋಲ್ಟಿನ ತೂತುಗಳು. ಒಮ್ಮೆ ಬಿಗಿದ ಬೋಲ್ಟನ್ನು ಬಿಚ್ಚುವವರು ಕಡಿಮೆ. ಹೀಗಾಗಿ ವರ್ಷ ವರ್ಷವೂ ಬ್ಲೇಡು ಅದೇ ನಾಲ್ಕೈದು ಇಂಚಿಗೆ ಬಂದು ಅಲ್ಲಿನ ಮಣ್ಣನ್ನು ಬಡಿದು ಒರೆಸಿ ಹೋಗುತ್ತದೆ. ಪ್ರತಿ ಸಲ ಅದೇ ಆಳಕ್ಕೆ ಉಳುವುದು ಗಟ್ಟಿ ಪದರ ಕಟ್ಟುವುದಕ್ಕೆ ಗೊತ್ತಿರುವ ಕಾರಣಗಳಲ್ಲಿ ಒಂದು. ಆಳವನ್ನು ವರ್ಷದಿಂದ ವರ್ಷಕ್ಕೆ ಬದಲಿಸಿ ಎಂದು ಕೃಷಿ ತಜ್ಞರು ಹೇಳುವುದು ಇದಕ್ಕೇ. ಇಂಥ ಯಂತ್ರಕ್ಕೆ ಆಳವನ್ನು ಅರ್ಧ ಇಂಚೂ ತಪ್ಪದಂತೆ ಹಿಡಿಯುವ ಸೆನ್ಸರ್ ಕೂರಿಸಿದರೆ ಏನಾಗುತ್ತದೆ? ಗಟ್ಟಿ ಪದರ ಇನ್ನೂ ಅಚ್ಚುಕಟ್ಟಾಗಿ ಏಳುತ್ತದೆ. ರೋಟವೇಟರ್ ಹೊಡೆಸಿದ ಹೊಲದಲ್ಲಿ, ಮಣ್ಣು ಹಸಿಯಿರುವಾಗ, ಒಂದು ಹಾರೆ ಊರಿ ನೋಡಬಹುದು. ಮೊದಲ ನಾಲ್ಕೈದು ಇಂಚು ಬೆಣ್ಣೆಯಂತೆ ಇಳಿದು ಆಮೇಲೆ ಟಕ್ಕೆಂದು ನಿಂತರೆ ಪರೀಕ್ಷೆ ಮುಗಿಯಿತು.

ಇದಕ್ಕೆ ಬರುವ ಮೊದಲ ಆಕ್ಷೇಪ: ಒಂದು ಸೆನ್ಸರ್ ಸಾಲದಿದ್ದರೆ ಹತ್ತು ಹಾಕೋಣ. ತೇವಾಂಶ, ಮಣ್ಣಿನ ವಿದ್ಯುತ್ ವಾಹಕತೆ, ಕ್ಯಾಮೆರಾ, ಉಪಗ್ರಹದ ಚಿತ್ರ, ಎಲ್ಲವನ್ನೂ ಕೃತಕ ಬುದ್ಧಿಮತ್ತೆಗೆ ಉಣಿಸಿದರೆ ಕಾರಣಗಳೂ ಬಿಡಿಬಿಡಿಯಾಗುತ್ತವೆ, ಸರಿಯಾದ ನಿಗದಿಯೂ ಅದಕ್ಕೇ ಹೊಳೆಯುತ್ತದೆ. ಆಕ್ಷೇಪದ ಮೊದಲರ್ಧ ಸರಿ. ಹಲವು ಅಳತೆ ಸೇರಿದರೆ ಬಿಗಿಗೆ ಕಾರಣ ಒಣಗಿದ್ದೋ ಅದುಮಿದ್ದೋ ಎಂದು ಬೇರ್ಪಡಿಸುವುದು ಸಾಧ್ಯ, ವಾಹಕತೆಯ ಸಂಖ್ಯೆಯಲ್ಲೂ ಜೇಡಿ, ಉಪ್ಪು, ನೀರು ಮೂರೂ ಕಲಸಿಹೋಗಿರುತ್ತವೆಂಬ ತೊಡಕು ಇದ್ದಾಗ್ಯೂ. ಎರಡನೆಯ ಅರ್ಧಕ್ಕೆ ಬೇಕಾದದ್ದು ಕಲಿಯುವ ಪಾಠ. ಯಾವ ಮಣ್ಣಿನಲ್ಲಿ, ಯಾವ ಬೆಳೆಗೆ, ಎಷ್ಟು ಆಳ ಉತ್ತಾಗ, ಎಂಥ ಮಳೆಯಲ್ಲಿ, ಎಷ್ಟು ಬೆಳೆ ಬಂತು ಎಂಬ ದಾಖಲೆ ಹಲವು ವರ್ಷಗಳದ್ದು ಇರಬೇಕು. ನಮ್ಮಲ್ಲಿ ಮಣ್ಣಿನ ಅಧಿಕೃತ ದಾಖಲೆಯೆಂದರೆ 2015ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಮಣ್ಣು ಆರೋಗ್ಯ ಚೀಟಿ. ಅದರಲ್ಲಿ ಹನ್ನೆರಡು ಅಳತೆಗಳಿವೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕದಿಂದ ಬೋರಾನ್‌ವರೆಗಿನ ಪೋಷಕಾಂಶಗಳು. ಒಂದೂ ಮಣ್ಣಿನ ಬಿಗಿತಕ್ಕೆ, ಪದರಕ್ಕೆ, ಉಳುಮೆಯ ಆಳಕ್ಕೆ ಸಂಬಂಧಿಸಿದ್ದಲ್ಲ. ಗೊಬ್ಬರದಂಗಡಿಗೆ ಹೋಗುವವನಿಗೆ ಬೇಕಾದದ್ದನ್ನೆಲ್ಲ ಬರೆದು, ನೇಗಿಲು ಹಿಡಿದವನಿಗೆ ಬೇಕಾದದ್ದನ್ನು ಬಿಟ್ಟ ಚೀಟಿ ಅದು. ಇಂಥ ಬರಿದಾದ ಹಿನ್ನೆಲೆಯಲ್ಲಿ ಕೃತಕ ಬುದ್ಧಿಮತ್ತೆ ಕಲಿಯುವುದು ಬೇರೆಲ್ಲೋ, ಬೇರೆ ಮಣ್ಣಿನಲ್ಲಿ ಕೂಡಿಟ್ಟ ಪಾಠವನ್ನು. ಅದರ ಆಚೆಗೂ ಒಂದು ತೊಡಕಿದೆ. ಆಳ ಎಷ್ಟಿರಲಿ ಎಂಬ ಪ್ರಶ್ನೆಗೆ ಶೂನ್ಯವೂ ಒಂದು ಉತ್ತರ. ಉಳದೆ ಬೆಳೆಯಬೇಕೆಂಬ ಜಪಾನಿನ ರೈತ ಫುಕುವೋಕಾ ಅವರ ವಿಚಾರವನ್ನು ಗಂಭೀರವಾಗಿ ತೆಗೆದುಕೊಂಡ ಕನ್ನಡ ರೈತರು ಕಡಿಮೆಯೇನಿಲ್ಲ. ಅವರು ಸರಿಯೋ ತಪ್ಪೋ ಇಲ್ಲಿ ಬೇಡ. ಉಳುವ ಯಂತ್ರ ಮಾರುವವನು ಬರೆದ ಪ್ರೋಗ್ರಾಂ ಆ ಉತ್ತರವನ್ನು ಪರಿಗಣಿಸುತ್ತದೆಂದು ನಂಬುವುದು ಕಷ್ಟ.

ಎರಡನೆಯ ಆಕ್ಷೇಪ ಇದಕ್ಕಿಂತ ಬಲವಾದದ್ದು, ಯಾಕೆಂದರೆ ಅದು ಕಣ್ಣೆದುರಿನ ಯಶಸ್ಸನ್ನು ತೋರಿಸುತ್ತದೆ. ಲೇಸರ್ ಲೆವೆಲರ್ ನೋಡಿ. ಗದ್ದೆಯ ಪಕ್ಕ ಮುಕ್ಕಾಲಿಯ ಮೇಲೆ ಕುಳಿತ ಸಾಧನ ಲೇಸರ್ ಕಿರಣವನ್ನು ಸುತ್ತಲೂ ಒಂದೇ ಮಟ್ಟದಲ್ಲಿ ತಿರುಗಿಸುತ್ತದೆ. ಟ್ರ್ಯಾಕ್ಟರಿನ ಹಿಂದಿನ ಮಣ್ಣು ಹೆರೆಯುವ ಬಕೆಟ್ಟಿಗೆ ಕಂಬ ನಿಲ್ಲಿಸಿ ಅದರ ತುದಿಗೆ ಕಿರಣ ಹಿಡಿಯುವ ಗ್ರಾಹಕ ಕಟ್ಟಿರುತ್ತಾರೆ. ಕಿರಣ ಗ್ರಾಹಕದ ಮಧ್ಯಕ್ಕಿಂತ ಕೆಳಗೆ ಬಿದ್ದರೆ ಬಕೆಟ್ ಇಳಿಯುತ್ತದೆ, ಮೇಲೆ ಬಿದ್ದರೆ ಏರುತ್ತದೆ. ದಿಬ್ಬ ಕೆತ್ತಿ ತಗ್ಗಿಗೆ ತುಂಬುತ್ತ ಹೋಗುತ್ತದೆ. ಚಾಲಕ ಸ್ಟೀರಿಂಗ್ ಹಿಡಿದರೆ ಸಾಕು. ಎಷ್ಟು ಅನುಭವಿಯಾದರೂ ಬರಿಗಣ್ಣಿನಲ್ಲಿ ಇಷ್ಟು ಸಮ ಮಾಡಲಾರ. ಪಂಜಾಬ್, ಹರಿಯಾಣದ ಭತ್ತ ಗೋಧಿಯ ನೆಲದಲ್ಲಿ ಇದು ವ್ಯಾಪಕವಾಗಿದೆ, ನಮ್ಮ ರಾಯಚೂರು, ಕೊಪ್ಪಳದ ತುಂಗಭದ್ರಾ ಅಚ್ಚುಕಟ್ಟಿನಲ್ಲೂ ಬಳಕೆಯಲ್ಲಿದೆ. ನೀರು ಉಳಿಯುತ್ತದೆ, ಬೆಳೆ ಸಮ ಬರುತ್ತದೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ.

ಒಪ್ಪಿದ ಮೇಲೆ ಇದು ಯಾಕೆ ಗೆದ್ದಿತು ಎಂದು ಕೇಳಲೇಬೇಕು. ಲೇಸರ್ ಲೆವೆಲರಿಗೆ ಮಣ್ಣಿನ ವಿಷಯ ಏನೂ ಗೊತ್ತಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಅದರ ನಿಗದಿ ಒಂದು ಸಮತಲ. ನಿಂತ ನೀರಿಗೆ ಬೇಕಾದದ್ದೂ ಸಮತಲವೇ ಆದ್ದರಿಂದ ಸರಿ ಯಾವುದು ಎಂಬ ಪ್ರಶ್ನೆ ಮೊದಲೇ ತೀರ್ಮಾನವಾಗಿದೆ; ರೈತ, ಟ್ರ್ಯಾಕ್ಟರ್ ಮಾಲೀಕ, ಭತ್ತ, ನಾಲೆಯ ಎಂಜಿನಿಯರ್ ಯಾರಿಗೂ ಅದರಲ್ಲಿ ಭಿನ್ನಾಭಿಪ್ರಾಯವಿಲ್ಲ. ನಿಗದಿ ನಿರ್ವಿವಾದವಾಗಿರುವ ಕಡೆ ಸ್ವಯಂಚಾಲನೆ ಅದ್ಭುತ ಕೆಲಸ ಮಾಡುತ್ತದೆ ಎಂಬುದಕ್ಕೆ ಇದು ಸಾಕ್ಷಿ, ಯಂತ್ರಕ್ಕೆ ಮಣ್ಣು ತಿಳಿಯುತ್ತದೆ ಎಂಬುದಕ್ಕೆ ಅಲ್ಲ. ನಮ್ಮ ಕೆಮ್ಮಣ್ಣಿನ ಭೂಮಿಯಲ್ಲಿ ಅನೇಕ ಕಡೆ ಒಂದಡಿ ತೆಗೆದರೆ ಗರಸು ಸಿಗುತ್ತದೆ. ಮಣ್ಣು ಕಾಣದ ಲೇಸರ್ ದಿಬ್ಬದ ಮೇಲಿನ ಫಲವತ್ತಾದ ಪದರವನ್ನು ಕೆತ್ತಿ ತಗ್ಗಿಗೆ ಸುರಿದು, ದಿಬ್ಬವಿದ್ದ ಕಡೆ ಗರಸನ್ನು ಹೊರಗೆ ಹಾಕಿ, ತನ್ನ ಲೆಕ್ಕದಲ್ಲಿ ಕೆಲಸ ಪರಿಪೂರ್ಣವಾಯಿತೆಂದು ಹಸಿರು ದೀಪ ತೋರಿಸುತ್ತದೆ. ಎಷ್ಟು ಕೆತ್ತಬಹುದೆಂಬ ಮಿತಿಯನ್ನು ಆಗಲೂ ಗುಣಿ ತೋಡಿ ನೋಡಿದ ಮನುಷ್ಯನೇ ಹೇಳಬೇಕು.

ಮೂರನೆಯ ಆಕ್ಷೇಪ ಎದುರು ದಿಕ್ಕಿನಿಂದ, ನನ್ನ ಜತೆ ಇಲ್ಲಿಯವರೆಗೆ ತಲೆದೂಗಿದವರಿಂದ ಬರುತ್ತದೆ. ಎತ್ತಿನ ಕಾಲದಲ್ಲಿ ಮೇಣಿ ಹಿಡಿದ ಕೈಯೇ ಸೆನ್ಸರ್ ಆಗಿತ್ತು, ಆ ಕೈಗೆ ಮಣ್ಣು ತಿಳಿದಿತ್ತು, ಯಂತ್ರ ಬಂದು ಅದನ್ನು ಕಳೆಯಿತು ಎನ್ನುತ್ತಾರೆ. ಇದರಲ್ಲಿ ಅರ್ಧ ನಿಜವಿದೆ. ಉಳುವವನು ಕೈಯಲ್ಲಿ ಬಿಗಿತ, ಪಾದದಲ್ಲಿ ತೇವ, ಕಣ್ಣಲ್ಲಿ ಹೆಂಟೆ ಏಳುವ ರೀತಿ, ಎತ್ತಿನ ಉಸಿರಿನಲ್ಲಿ ಎಳೆತ ಎಲ್ಲವನ್ನೂ ಒಟ್ಟಿಗೆ ಅಳೆಯುತ್ತಿದ್ದ. ನೊಗಕ್ಕೆ ನೇಗಿಲ ಕಟ್ಟುವ ಜಾಗವನ್ನು ಹಿಂದೆ ಮುಂದೆ ಮಾಡಿ ಆಳ ಬದಲಿಸುತ್ತಿದ್ದ. ಅದಕ್ಕಿಂತ ಮುಖ್ಯವಾಗಿ ಈ ಹೊಲಕ್ಕೆ ಮುಂದೆ ಏನು ಬಿತ್ತುತ್ತೇನೆಂಬುದು ಅವನ ತಲೆಯಲ್ಲೇ ಇತ್ತು. ಆದರೆ ಅವನ ನಿಗದಿಯೂ ಮಣ್ಣಿನ ಪರವಾಗಿಯೇ ಇತ್ತೆಂದು ಹೇಳಲಾಗದು. ಬಹುಪಾಲು ಅದು ಎತ್ತಿನ ತ್ರಾಣದ ಲೆಕ್ಕ. ಮರದ ನೇಗಿಲು ಸಾಲು ಸಾಲಿನ ನಡುವೆ ಉಳದ ಪಟ್ಟಿ ಬಿಟ್ಟೇ ಹೋಗುತ್ತಿತ್ತು, ಅದಕ್ಕೇ ಅಡ್ಡ ಉಳುಮೆ, ಮತ್ತೆ ಉದ್ದ ಉಳುಮೆ. ಎತ್ತು ಸೋತ ಮೇಲೆ ಆಳ ತಾನಾಗಿ ಕಡಿಮೆಯಾಗುತ್ತಿತ್ತು, ಫರ್ಗ್ಯೂಸನ್ನನ ಸ್ಪ್ರಿಂಗಿನ ಕೆಲಸವನ್ನು ಎತ್ತಿನ ದಣಿವು ಮಾಡುತ್ತಿತ್ತು. ಹಳೆಯದಕ್ಕೆ ಹಿಂತಿರುಗಿದರೆ ಎಲ್ಲ ಸರಿಹೋಗುತ್ತದೆ ಎಂಬ ಹಂಬಲದಲ್ಲೂ ಅಳತೆಗೂ ತೀರ್ಮಾನಕ್ಕೂ ವ್ಯತ್ಯಾಸ ಮಾಡದ ಅದೇ ತಪ್ಪು ಇದೆ.

ಉಳಿದದ್ದು ವ್ಯವಹಾರಸ್ಥರು ಹೇಳುವ ಮಾತು: ಇದೆಲ್ಲ ಸಾವಿರ ಎಕರೆ ಇರುವವರ ವಿಷಯ, ನಮಗೇಕೆ? ಕರ್ನಾಟಕದಲ್ಲಿ ಸರಾಸರಿ ಹಿಡುವಳಿ 2015–16ರ ಕೃಷಿ ಗಣತಿಯ ಪ್ರಕಾರ 1.36 ಹೆಕ್ಟೇರ್, ಅಂದರೆ ಮೂರೂವರೆ ಎಕರೆಗೂ ಕಡಿಮೆ. ಹಿಡುವಳಿ ಸಣ್ಣದು ಎಂಬ ಕಾರಣಕ್ಕೇ ಈ ಪ್ರಶ್ನೆ ನಮಗೆ ಹೆಚ್ಚು ಸಂಬಂಧಿಸಿದ್ದು. ಸಾವಿರ ಎಕರೆಯವನಿಗೆ ಭೂಮಿಯೂ ಅವನದೇ, ಟ್ರ್ಯಾಕ್ಟರೂ ಅವನದೇ. ಆಳ ಕಡಿಮೆ ಮಾಡಿ ಡೀಸೆಲ್ ಉಳಿಸಿದರೂ ಲಾಭ ನಷ್ಟ ಒಂದೇ ಜೇಬಿಗೆ. ನಮ್ಮಲ್ಲಿ ಭೂಮಿ ಒಬ್ಬರದು, ಟ್ರ್ಯಾಕ್ಟರ್ ಇನ್ನೊಬ್ಬರದು. ಬಾಡಿಗೆ ಎಕರೆ ಲೆಕ್ಕವಾದರೆ ಮಾಲೀಕನಿಗೆ ತೇಲಿಸಿ ಬೇಗ ಮುಗಿಸುವ ಆಸೆ. ಗಂಟೆ ಲೆಕ್ಕವಾದರೆ ರೈತನೇ ಹೊಲದ ಅಂಚಿನಲ್ಲಿ ನಿಂತು ಬೇಗ ಬೇಗ ಎಂದು ಅವಸರ ಮಾಡುತ್ತಾನೆ, ವೇಗ ಹೆಚ್ಚಿದರೆ ಎಳೆತ ಹೆಚ್ಚುವುದರಿಂದ ಚಾಲಕ ಆಳ ಕಡಿಮೆ ಮಾಡುತ್ತಾನೆ. ಗಟ್ಟಿ ಪದರದ ನಷ್ಟ ರೈತನಿಗೆ, ಟೈರ್ ಸವೆತದ ನಷ್ಟ ಮಾಲೀಕನಿಗೆ. ಯಂತ್ರದ ನಿಗದಿ ಯಾರ ಕೈಯಲ್ಲಿರಬೇಕು ಎಂಬುದು ಇಲ್ಲಿ ತತ್ವಶಾಸ್ತ್ರವಲ್ಲ, ಬಾಡಿಗೆ ಕರಾರಿನ ಪ್ರಶ್ನೆ. ಟ್ರ್ಯಾಕ್ಟರ್ ಕೊಳ್ಳುವವನು ಮಾಲೀಕನಾದ್ದರಿಂದ ಕಂಪನಿ ಅವನಿಗೆ ಬೇಕಾದ ನಿಗದಿಯನ್ನೇ ಮಾರುತ್ತದೆ. ಕಂಪನಿಯನ್ನು ಬೈದು ಪ್ರಯೋಜನವಿಲ್ಲ, ಅದು ವ್ಯಾಪಾರ.

ಹದದ ವಿಷಯವೂ ಇಲ್ಲೇ ಬರುತ್ತದೆ. ಮಣ್ಣು ಕೆಲಸದಲ್ಲಿ ಎಷ್ಟು ಆಳ ಎಂಬುದಕ್ಕಿಂತ ಯಾವ ದಿನ ಎಂಬುದೇ ಹೆಚ್ಚು ಸಲ ದೊಡ್ಡ ಪ್ರಶ್ನೆ. ಮಳೆ ಬಿದ್ದ ಮೇಲೆ ಕೆಮ್ಮಣ್ಣಿಗೆ ಹದ ಸಿಗುವುದು ಕೆಲವೇ ದಿನ, ಎರೆಮಣ್ಣಿಗೆ ಕಾಯಬೇಕು. ಹಸಿ ಎರೆಮಣ್ಣಿಗೆ ಟ್ರ್ಯಾಕ್ಟರ್ ಇಳಿಸಿದರೆ ಚಕ್ರದ ಕೆಳಗಿನ ಮಣ್ಣು ಅದುಮಿ ಇಟ್ಟಿಗೆಯಾಗುತ್ತದೆ, ಆಳ ಎಷ್ಟು ನಿಖರವಿದ್ದರೂ. ತೇವ ಹೆಚ್ಚಿದೆ, ಇವತ್ತು ಉಳಬೇಡ, ಎರಡು ದಿನ ಬಿಟ್ಟು ಬಾ ಎಂದು ಎಂಜಿನ್ ನಿಲ್ಲಿಸಿಬಿಡುವ ಸೆನ್ಸರ್ ತಯಾರಿಸುವುದು ಎಂಜಿನಿಯರಿಗೆ ಕಷ್ಟವೇನಲ್ಲ. ಭರಣಿ ಮಳೆ ಬಿದ್ದ ಮಾರನೆಯ ದಿನ ಇಪ್ಪತ್ತು ಜನ ಫೋನ್ ಮಾಡುವಾಗ, ದುಡಿಯಬೇಡ ಎಂದು ಹೇಳುವ ಯಂತ್ರವನ್ನು ಯಾವ ಬಾಡಿಗೆ ಮಾಲೀಕ ಕೊಂಡಾನು?

ಹಾಗಾದರೆ ಸೆನ್ಸರ್ ಬೇಡವೆ? ಬೇಕು, ಆದರೆ ಮೊದಲು ಬೇರೆ ಕೆಲಸಕ್ಕೆ. ಹತೋಟಿಯ ಕೆಲಸಕ್ಕೆ ದುಬಾರಿ ಹೈಡ್ರಾಲಿಕ್ ವಾಲ್ವ್, ಕಂಟ್ರೋಲರ್, ರಿಪೇರಿ ಬಲ್ಲವರು ಬೇಕು. ಬರೀ ಅಳೆದು ಬರೆದಿಡುವುದಕ್ಕೆ ತೋಳಿನ ಕೋನ ಅಳೆಯುವ ಒಂದು ಸಣ್ಣ ಸಾಧನ, ನೆಲದ ದೂರ ಅಳೆಯುವ ಇನ್ನೊಂದು, ಜಿಪಿಎಸ್, ಇಷ್ಟು ಸಾಕು. ಯಾವ ಹೊಲದ ಯಾವ ಭಾಗದಲ್ಲಿ ಎಷ್ಟು ಇಂಚು ಉತ್ತಿತು ಎಂಬುದು ರೈತನ ಮೊಬೈಲಿಗೆ ಬಂದರೆ ಮೊದಲ ಬಾರಿಗೆ ಅವನಿಗೆ ಬೆನ್ನ ಹಿಂದಿನ ಕೆಲಸದ ಸಾಕ್ಷಿ ಸಿಗುತ್ತದೆ. ಆ ದಾಖಲೆ ಹತ್ತು ವರ್ಷ ಕೂಡಿದರೆ ಈ ಮಣ್ಣಿಗೆ, ಈ ಬೆಳೆಗೆ ಎಷ್ಟು ಆಳ ಎಂದು ಕೇಳುವುದಕ್ಕೆ ಒಂದು ಬುನಾದಿಯೂ ಆಗುತ್ತದೆ. ಪ್ರಾಜೆಕ್ಟ್ ಮಾಡುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನನ್ನ ಸಲಹೆ: ತಾನೇ ಉಳುವ ನೇಗಿಲು ಪ್ರದರ್ಶನಕ್ಕೆ ಚೆನ್ನ, ಉತ್ತದ್ದನ್ನು ಸುಳ್ಳು ಹೇಳದೆ ವರದಿ ಮಾಡುವ ನೇಗಿಲು ಹೊಲಕ್ಕೆ ಬೇಕು.

ಸರ್ಕಾರಕ್ಕೂ ಒಂದು ಕೋರಿಕೆ ಇದೆ. 2014–15ರಿಂದ ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳು ಯಂತ್ರಗಳನ್ನು ಬಾಡಿಗೆಗೆ ಕೊಡುತ್ತಿವೆ, ಅದಕ್ಕೆ ಸಾರ್ವಜನಿಕ ಹಣವೂ ಹೋಗುತ್ತಿದೆ. ಖಾಸಗಿ ಮಾಲೀಕನ ಮೇಲೆ ಹೇರಲಾಗದ ನಿಯಮವನ್ನು ಅಲ್ಲಿ ತರಬಹುದು. ಉಳುಮೆಗೆ ಮುಂಚೆ ರೈತ ಯಾವ ಬೆಳೆಗೆ, ಎಷ್ಟು ಇಂಚು ಎಂದು ಬರೆದು ಕೊಡಲಿ; ಮುಗಿದ ಮೇಲೆ ಅವನ ಎದುರಿಗೇ ಹಾರೆ ಊರಿ ಅಳೆದ ಆಳ ರಸೀದಿಯಲ್ಲಿ ಗಂಟೆಯ ಪಕ್ಕದ ಕಾಲಂನಲ್ಲಿ ನಮೂದಾಗಲಿ. ಇದಕ್ಕೆ ಸೆನ್ಸರ್ ಬರುವವರೆಗೂ ಕಾಯಬೇಕಾಗಿಲ್ಲ, ಮುಂದಿನ ಮಾಗಿ ಉಳುಮೆಯಿಂದಲೇ ಶುರುಮಾಡಬಹುದು.